ಕಮಾಂಡ್ ಲೈನಿನಲ್ಲಿ ಕೊಟ್ಟೂರು ಸಿಗುವುದು ಹೇಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ಊರುಗಳನ್ನೆಲ್ಲ ಒಂದು ಪಟ್ಟಿಗೆ ತರಲು ಕೂತವರಿಗೆ ಹಳೆಯ ದಾಖಲೆ ಯಾವುದೂ ಹೊಸದಕ್ಕೆ ನೇರವಾಗಿ ಹೊಂದುವುದಿಲ್ಲ ಎಂಬುದು ಮೊದಲ ದಿನವೇ ತಿಳಿಯುತ್ತದೆ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದರಾಸು ಆಡಳಿತದಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅಲ್ಲಿಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನಲ್ಲೇ ಇದ್ದು, 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕಾಗಿ ಘೋಷಣೆಯಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬಂತು. ಹೀಗಾಗಿ 2011ರ ಜನಗಣತಿಯ ಕೋಷ್ಟಕದಲ್ಲಿ ಕೊಟ್ಟೂರಿನ ಹಳ್ಳಿಗಳು ಕೂಡ್ಲಿಗಿಯ ಕೆಳಗೆ, ಹರಪನಹಳ್ಳಿಯವು ದಾವಣಗೆರೆಯ ಕೆಳಗೆ ಕಾಣುತ್ತವೆ. ಹೆಸರುಗಳ ಪಾಡು ಇನ್ನೂ ಗೋಜಲು. ಒಂದೇ ಊರು ಒಂದು ಕಡೆ ಹಡಗಲಿ, ಇನ್ನೊಂದು ಕಡೆ ಹೂವಿನಹಡಗಲಿ, ಮತ್ತೊಂದು ಕಡೆ ನಡುವೆ ಜಾಗ ಬಿಟ್ಟ ಹೂವಿನ ಹಡಗಲಿ. ಹಗರಿಬೊಮ್ಮನಹಳ್ಳಿಯನ್ನು ಅರ್ಧ ಜನ ಹ.ಬೊ.ಹಳ್ಳಿ ಎಂದೇ ಬರೆಯುತ್ತಾರೆ.

ಇಂಥ ಸಾವಿರಾರು ಸಾಲುಗಳನ್ನು ಜರಡಿ ಹಿಡಿಯಲು ಲಿನಕ್ಸ್‌ನ ಕಮಾಂಡ್ ಲೈನಿನಷ್ಟು ಒದಗಿಬರುವ ಸಾಧನ ಇನ್ನೊಂದಿಲ್ಲ. ಡಗ್ ಮೆಕಿಲ್‌ರಾಯ್ ಅವರ ಒತ್ತಾಯಕ್ಕೆ ಕೆನ್ ಥಾಂಪ್ಸನ್ 1973ರಲ್ಲಿ ಯುನಿಕ್ಸ್‌ಗೆ ಸೇರಿಸಿದ ಪೈಪ್ ಎಂಬ ಉಪಾಯ ಈಗಲೂ ಹಾಗೇ ನಡೆದಿದೆ: ಒಂದು ಕಮಾಂಡಿನ ಫಲ ಇನ್ನೊಂದರ ಕಚ್ಚಾ ಸಾಮಗ್ರಿ. ನಮ್ಮಲ್ಲಿ ಇದನ್ನು ಬಲ್ಲವರು ಕಡಿಮೆಯೇನಿಲ್ಲ. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಉಬುಂಟು ಬಂತು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಶಿಬಿರಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿತರು. ಆದರೆ ಅನುಭವಿಗಳಿಗೆಂದು ಬರುವ ಯುಕ್ತಿಗಳ ಪಟ್ಟಿಗಳೆಲ್ಲ ಒಂದು ಅಕ್ಷರಕ್ಕೆ ಒಂದು ಬೈಟು ಎಂದು ನಂಬಿಕೊಂಡೇ ಬರೆದವು. ಕನ್ನಡದ ಫೈಲಿಗೆ ಅದೇ ಯುಕ್ತಿ ಹಾಕಿದರೆ ಕೆಲವು ಸಲೀಸಾಗಿ ನಡೆಯುತ್ತವೆ, ಕೆಲವು ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತವೆ. ಯಾವುದು ಯಾವ ಗುಂಪಿನದು ಎಂದು ತಿಳಿದಿರುವುದೇ ಕನ್ನಡದಲ್ಲಿ ಕೆಲಸ ಮಾಡುವವರ ನಿಜವಾದ ಪಳಗಿಕೆ ಎಂಬುದು ನನ್ನ ಅಭಿಪ್ರಾಯ. ಈ ಸಮೀಕ್ಷೆ ಆ ಲೆಕ್ಕದ್ದು. ಕಮಾಂಡುಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಬೇಕು, ಆಯ್ಕೆಗಳಲ್ಲಿ ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ; ಲೊಕೇಲ್, ಪರಿಸರ ಚರ, ಆಕ್‌ನ ಸ್ವಂತ ಚರಗಳ ಹೆಸರುಗಳು ಮಾತ್ರ ದೊಡ್ಡಕ್ಷರದಲ್ಲೇ ಇರಬೇಕು.

ಕೊಟ್ಟೂರು ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಓದುವವರಿಗೆ ಇದು ಮೂರಕ್ಷರ: ಕೊ, ಟ್ಟೂ, ರು. ಯೂನಿಕೋಡ್‌ಗೆ ಎಂಟು ಸಂಕೇತ: ಕ, ಒತ್ವ, ಟ, ಹಲಂತ, ಮತ್ತೆ ಟ, ಕೊಂಬಿನ ಇಳಿ, ರ, ಕೊಂಬು. ಡಿಸ್ಕಿನ ಮೇಲೆ ಇಪ್ಪತ್ನಾಲ್ಕು ಬೈಟು, ಏಕೆಂದರೆ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು. ಪ್ರಿಂಟ್‌ಎಫ್ ಕಮಾಂಡಿನಿಂದ ಈ ಹೆಸರನ್ನು ಡಬ್ಲ್ಯುಸಿಗೆ ಹರಿಸಿ ನೋಡಿ. -ಸಿ ಎಂದರೆ 24, -ಎಂ ಎಂದರೆ 8. ಮೂರು ಎಂಬ ಉತ್ತರ ಅದರಿಂದ ಬರುವುದೇ ಇಲ್ಲ. ಕಮಾಂಡ್ ಲೈನಿನ ಪ್ರತಿ ಸಾಧನವೂ ಈ ಮೂರು ನೋಟಗಳಲ್ಲಿ ಒಂದನ್ನು ಹಿಡಿದಿರುತ್ತದೆ, ಯಾವುದನ್ನು ಎಂದು ಅದು ತಾನಾಗಿ ಹೇಳುವುದಿಲ್ಲ.

ಆಕ್ ಇದಕ್ಕೆ ಒಳ್ಳೆಯ ಸಾಕ್ಷಿ. ಆಹೋ, ವೈನ್‌ಬರ್ಗರ್, ಕರ್ನಿಘನ್ ಮೂವರು 1977ರಲ್ಲಿ ಬರೆದ ಈ ಪುಟ್ಟ ಭಾಷೆಗೆ ಇಂದು ಹಲವು ರೂಪಗಳಿವೆ. ಗ್ನು ಆಕ್‌ನಲ್ಲಿ ಕೊಟ್ಟೂರಿನ ಉದ್ದ ಕೇಳಿದರೆ 8 ಬರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ತಾನಾಗಿ ಬರುವ ಮಾಕ್ ಬೈಟುಗಳನ್ನು ಎಣಿಸಿ 24 ಎನ್ನುತ್ತದೆ. ಸಬ್‌ಸ್ಟ್ರಿಂಗ್ ತೆಗೆಯುವ ಸಾಲೊಂದು ಒಂದು ಯಂತ್ರದಲ್ಲಿ ಸರಿಯಾಗಿ ನಡೆದು ಪಕ್ಕದ ಯಂತ್ರದಲ್ಲಿ ಅಕ್ಷರವನ್ನು ನಡುವೆ ಸೀಳಿ ಪ್ರಶ್ನಾರ್ಥಕ ಚೌಕಗಳನ್ನು ಉದುರಿಸುವುದು ಇದೇ ಕಾರಣಕ್ಕೆ. ಕನ್ನಡಕ್ಕೆ ಕೆಲಸ ಮಾಡುವವರು ಗ್ನು ಆಕ್ ಹಾಕಿಕೊಳ್ಳಲೇಬೇಕು. ಸ್ಕ್ರಿಪ್ಟಿನಲ್ಲಿ ಆಕ್ ಎಂದು ಬಿಡದೆ ಗಾಕ್ ಎಂದೇ ಬರೆಯಬೇಕು. ಎಂಬತ್ತರ ವಯಸ್ಸಿನಲ್ಲಿ ಕರ್ನಿಘನ್ ಅವರೇ ಕೂತು ಮೂಲ ಆಕ್‌ಗೆ ಯುಟಿಎಫ್-8 ತಿಳಿಸಿಕೊಟ್ಟರು ಎಂಬುದು ನನಗೆ ಬಹಳ ಇಷ್ಟವಾದ ಸುದ್ದಿ.

ಟಿಆರ್ ಕಮಾಂಡನ್ನು ಮಾತ್ರ ಕನ್ನಡದ ಹತ್ತಿರ ಬಿಡಲೇಬಾರದು. ಗ್ನು ಟಿಆರ್ ಬೈಟುಗಳನ್ನಷ್ಟೇ ಬಲ್ಲದು. ಹಳೆಯ ಪಹಣಿಯಿಂದ ಇಳಿಸಿದ ಪಟ್ಟಿಯಲ್ಲಿ ೧, ೨, ೩ ಎಂಬ ಕನ್ನಡ ಅಂಕಿಗಳಿವೆ, ಅವನ್ನು 1, 2, 3 ಮಾಡಬೇಕು ಎಂದುಕೊಳ್ಳಿ. ಎಲ್ಲರ ಕೈ ಮೊದಲು ಹೋಗುವುದು ಟಿಆರ್ ಕಡೆಗೆ, ಅದು ಅಂಕಿಯ ಜೊತೆ ಅಕ್ಕಪಕ್ಕದ ಅಕ್ಷರಗಳನ್ನೂ ಕೆಡಿಸುತ್ತದೆ. ಇದೇ ಕೆಲಸಕ್ಕೆ ಸೆಡ್‌ನ ವೈ ಆಜ್ಞೆ ಇದೆ: ವೈ/೦೧೨೩೪೫೬೭೮೯/0123456789/. ಯುಟಿಎಫ್-8 ಲೊಕೇಲ್ ಇದ್ದರೆ ಇದು ಒಂದಕ್ಷರವನ್ನೂ ತಪ್ಪಿಸುವುದಿಲ್ಲ. ಕಟ್ ಕಮಾಂಡಿನ -ಸಿ ಕೂಡ ಹೆಸರಿಗೆ ಅಕ್ಷರವಾದರೂ ಗ್ನು ಆವೃತ್ತಿಯಲ್ಲಿ ಬಹುಕಾಲದಿಂದ ಬೈಟನ್ನೇ ಕತ್ತರಿಸುತ್ತ ಬಂದಿದೆ. ಆದರೆ ಕಟ್‌ನ -ಎಫ್, ಅಂದರೆ ಟ್ಯಾಬ್ ಅಥವಾ ಅಲ್ಪವಿರಾಮದಿಂದ ಬೇರಾದ ಕಾಲಂ ತೆಗೆಯುವುದು, ಪೂರ್ತಿ ಸುರಕ್ಷಿತ. ಯುಟಿಎಫ್-8ರ ಚಂದವೇ ಅದು: ಕನ್ನಡದ ಯಾವ ಅಕ್ಷರದೊಳಗೂ ಅಲ್ಪವಿರಾಮದ ಬೈಟು, ಟ್ಯಾಬಿನ ಬೈಟು ಅಡಗಿ ಕೂರುವುದಿಲ್ಲ.

ಫೈಲಿನ ಹೆಸರಿಗೂ ಈ ಲೆಕ್ಕ ತಗಲುತ್ತದೆ. ಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿ. ಕನ್ನಡದಲ್ಲಿ ಅದು 85 ಸಂಕೇತ. ಹಗರಿಬೊಮ್ಮನಹಳ್ಳಿ ಎಂಬ ಎಂಟಕ್ಷರದ ಹೆಸರೊಂದೇ 45 ಬೈಟು ನುಂಗುತ್ತದೆ. ತಾಲ್ಲೂಕು, ಹೋಬಳಿ, ಗ್ರಾಮ, ವರ್ಷ ಎಲ್ಲವನ್ನೂ ಫೈಲಿನ ಹೆಸರಿಗೆ ಸೇರಿಸುವ ಸ್ಕ್ರಿಪ್ಟು ಬೇರೆಲ್ಲ ತಾಲ್ಲೂಕಿಗೆ ನಡೆದು ಇಲ್ಲಿ ಮಾತ್ರ ನಿಂತರೆ ಆಶ್ಚರ್ಯಪಡಬೇಕಿಲ್ಲ. ಗಿಟ್ ಬಳಸುವವರು ಕೋರ್.ಕೋಟ್‌ಪಾತ್ ಎಂಬ ಹೊಂದಿಕೆಯನ್ನು ಆಫ್ ಮಾಡಿಕೊಳ್ಳಬೇಕು, ಇಲ್ಲವಾದರೆ ಕನ್ನಡ ಹೆಸರಿನ ಜಾಗದಲ್ಲಿ ಹಿಂದೋರೆಗೆರೆ ಮತ್ತು ಅಂಕಿಗಳ ಸಾಲು ಕಾಣುತ್ತದೆ.

ಹುಡುಕಾಟದ ವಿಚಾರಕ್ಕೆ ಬಂದರೆ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಏಕೆಂದರೆ ಕನ್ನಡದಲ್ಲಿ ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ. ಗ್ರೆಪ್ ಏನೂ ಸಿಗಲಿಲ್ಲ ಎಂದರೆ ಇಲ್ಲವೆಂದೇ ನಂಬುತ್ತೇವೆ. ಆದರೆ ಪರದೆಯ ಮೇಲೆ ಕೊಟ್ಟೂರು ಕಣ್ಣಿಗೆ ಹೊಡೆದಂತೆ ಕಾಣುತ್ತಿದ್ದರೂ ಗ್ರೆಪ್‌ಗೆ ಅದು ಸಿಗದಿರಲು ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು ಒತ್ವದ ಎರಡು ರೂಪ. ಯೂನಿಕೋಡ್‌ನಲ್ಲಿ ಒತ್ವಕ್ಕೆ ತನ್ನದೇ ಒಂದು ಸಂಕೇತವಿದೆ. ಎತ್ವ ಹಾಕಿ ಅದರ ಮುಂದೆ ಕೊಂಬಿನ ಇಳಿ ಹಾಕಿದರೂ ಅದೇ ಒತ್ವ ಎಂದು ಯೂನಿಕೋಡ್ ಒಪ್ಪುತ್ತದೆ. ಓತ್ವವಾದರೆ ಮೂರು ತುಂಡು. ಏತ್ವ, ಐತ್ವ, ಗುಡಿಸಿನ ದೀರ್ಘಗಳಿಗೂ ಹೀಗೆ ಬಿಡಿಸಿ ಬರೆಯುವ ದಾರಿ ಇದೆ. ಫಾಂಟು ಎರಡನ್ನೂ ಒಂದೇ ಥರ ತೋರಿಸುತ್ತದೆ. ಗ್ರೆಪ್ ಮಾತ್ರ ಬೈಟುಗಳನ್ನು ಹೋಲಿಸಿ ಬೇರೆ ಎನ್ನುತ್ತದೆ. ಕೊಟ್ಟೂರಿನಲ್ಲಿ ಒಂದು ಕಡೆ ಈ ತೊಡಕಿದ್ದರೆ ಗುಡೇಕೋಟೆಯಲ್ಲಿ ಎರಡು ಕಡೆ. ಬಿಡಿಸಿದ ರೂಪ ಎಲ್ಲಿಂದ ಬರುತ್ತದೆ? ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಕೊ ಎಂದರೆ ಕೆ ಅಚ್ಚಿನ ಮುಂದೆ ಕೊಂಬಿನ ಇಳಿಯ ಅಚ್ಚು. ಅಲ್ಲಿಂದ ಯೂನಿಕೋಡ್‌ಗೆ ತರುವ ಪರಿವರ್ತಕ ಅರೆಬರೆಯಾಗಿದ್ದರೆ ಆ ಎರಡನ್ನೂ ಹಾಗೇ ಬಿಡುತ್ತದೆ. ಹಳೆಯ ಮ್ಯಾಕ್ ಯಂತ್ರಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯಂತೂ ಫೈಲಿನ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು.

ಮದ್ದು ಸುಲಭ. ಐಸಿಯು ಗ್ರಂಥಾಲಯದ ಜೊತೆ ಬರುವ ಯುಕಾನ್ವ್ ಎಂಬ ಕಮಾಂಡಿಗೆ -ಎಕ್ಸ್ ಎನಿ-ಎನ್‌ಎಫ್‌ಸಿ ಎಂಬ ಆಯ್ಕೆ ಕೊಟ್ಟು ಫೈಲನ್ನು ಹಾಯಿಸಿದರೆ ಬಿಡಿಬಿಡಿಯಾದದ್ದೆಲ್ಲ ಕೂಡಿಕೊಂಡು ಒಂದೇ ರೂಪಕ್ಕೆ ಬರುತ್ತದೆ. ಎನಿ-ನೇಮ್ ಎಂದು ಕೊಟ್ಟರೆ ಪ್ರತಿ ಸಂಕೇತದ ಹೆಸರನ್ನೂ ಬಿಡಿಸಿ ಹೇಳುತ್ತದೆ. ಅನುಮಾನ ಬಂದ ಒಂದು ಸಾಲನ್ನು ಪರೀಕ್ಷಿಸಲು ಹೆಕ್ಸ್‌ಡಂಪ್‌ಗಿಂತ ಇದು ವಾಸಿ. ಫೈಲಿನ ಹೆಸರುಗಳಿಗಾದರೆ ಕಾನ್ವ್‌ಎಂವಿ ಇದೆ. ಅದು ಮೊದಲು ಏನು ಮಾಡುತ್ತೇನೆಂದು ತೋರಿಸುವುದಷ್ಟೇ; ನೋಟೆಸ್ಟ್ ಎಂಬ ಆಯ್ಕೆ ಕೊಟ್ಟ ಮೇಲೆಯೇ ಹೆಸರು ಬದಲಿಸುತ್ತದೆ. ಯಾವುದೇ ಊರಿನ ಪಟ್ಟಿ ಕೈಗೆ ಬಂದರೂ ಮೊದಲು ಎನ್‌ಎಫ್‌ಸಿ ಮಾಡಿ, ಆಮೇಲೆ ಮುಂದಿನ ಮಾತು.

ಎರಡನೆಯದು ಕಣ್ಣಿಗೆ ಕಾಣದ ಚಿಹ್ನೆಗಳು. ಲಿನಕ್ಸ್‌ನಲ್ಲಿ ಎಂದು ಬರೆಯುವಾಗ ಸ್ ಕೆಳಗೆ ನ ಒತ್ತಾಗದಿರಲಿ ಎಂದು ನಡುವೆ ಝಡ್‌ಡಬ್ಲ್ಯುಎನ್‌ಜೆ ಹಾಕುತ್ತೇವೆ. ಅರ್ಕಾವತ್ತಿನ ಬದಲು ರ ಪೂರ್ತಿ ಬಂದು ಮುಂದಿನ ಅಕ್ಷರ ಒತ್ತಾಗಲಿ ಎಂದು ಝಡ್‌ಡಬ್ಲ್ಯುಜೆ ಹಾಕುತ್ತೇವೆ. ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ಎರಡು ಪದ ಬೇರೆಯಾದವು. ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ. ಸೆಡ್‌ನಿಂದ ಇವೆರಡನ್ನೂ ಅಳಿಸಬಹುದು, ಆದರೆ ಮೂಲ ಫೈಲಿನಲ್ಲಿ ಅಲ್ಲ. ಬರೆದವರು ಬೇಕೆಂದೇ ಹಾಕಿದ ಚಿಹ್ನೆ ಅದು, ತೆಗೆದರೆ ಅಚ್ಚಿನ ರೂಪ ಕೆಡುತ್ತದೆ. ಹುಡುಕಲೆಂದೇ ಒಂದು ಪ್ರತಿ ಮಾಡಿಕೊಂಡು, ಸಾಲಿನ ಸಂಖ್ಯೆ ಎರಡರಲ್ಲೂ ಒಂದೇ ಇರುವಂತೆ ನೋಡಿಕೊಂಡು, ಪ್ರತಿಯಲ್ಲಿ ಹುಡುಕಿ ಮೂಲದಲ್ಲಿ ಓದುವುದು ಒಳ್ಳೆಯ ಪದ್ಧತಿ.

ಮೂರನೆಯದು ವಿಭಕ್ತಿ. ಕೊಟ್ಟೂರು ಎಂದು ಹುಡುಕಿದರೆ ಕೊಟ್ಟೂರಿನ, ಕೊಟ್ಟೂರಿಗೆ, ಕೊಟ್ಟೂರಲ್ಲಿ ಯಾವುದೂ ಬರುವುದಿಲ್ಲ. ಕೊಂಬನ್ನು ಬಿಟ್ಟು ಕೊಟ್ಟೂರ ಎಂದು ಕೊಟ್ಟರೆ ಎಲ್ಲವೂ ಬರುತ್ತವೆ, ಕೊಟ್ಟೂರೇಶ್ವರನೂ ಬರುತ್ತಾನೆ. ಕೊನೆಯ ಸ್ವರಚಿಹ್ನೆ ಬೇರೆಯೇ ಒಂದು ಸಂಕೇತವಾಗಿರುವುದು ಇಲ್ಲಿ ನಮಗೆ ವರವಾಗಿದೆ. ಹರಪನಹಳ್ಳಿಗೂ ಗುಡಿಸು ತೆಗೆದು ಹರಪನಹಳ್ಳ ಎಂದು ಹುಡುಕಿದರೆ ಆಡುಮಾತಿನ ಹರಪನಹಳ್ಳೀಲಿ ಕೂಡ ಬಲೆಗೆ ಬೀಳುತ್ತದೆ. ಇಡೀ ಪದಕ್ಕಷ್ಟೇ ಹೊಂದಿಸು ಎನ್ನುವ -ಡಬ್ಲ್ಯು ಆಯ್ಕೆಯನ್ನು ಕನ್ನಡದಲ್ಲಿ ನಂಬಬೇಡಿ. ಹಲಂತವೂ ಸ್ವರಚಿಹ್ನೆಯೂ ಪದದ ಭಾಗವೇ ಅಲ್ಲವೇ ಎಂಬುದಕ್ಕೆ ಒಂದೊಂದು ಸಾಧನ ಒಂದೊಂದು ಉತ್ತರ ಕೊಡುತ್ತದೆ. ಪೈಥಾನ್‌ನ ಆರ್‌ಇ ಗ್ರಂಥಾಲಯದ ಪದಸೂಚಿಯಂತೂ ಸ್ವರಚಿಹ್ನೆ ಬಂದಲ್ಲೆಲ್ಲ ಪದವನ್ನು ತುಂಡರಿಸುತ್ತದೆ. ಹೊಸದಾಗಿ ಬಂದ ರಿಪ್‌ಗ್ರೆಪ್ ವೇಗದಲ್ಲಿ ಗ್ರೆಪ್ಪನ್ನು ಹಿಂದಿಕ್ಕಿದೆ, ಯೂನಿಕೋಡನ್ನು ಚೆನ್ನಾಗಿ ಬಲ್ಲದು. ಆದರೆ ಎರಡು ಒತ್ವಗಳನ್ನು ಒಂದೆಂದು ಕಾಣುವ ಶಕ್ತಿ ಅದಕ್ಕೂ ಇಲ್ಲ.

ಅಕ್ಷರಗಳನ್ನು ನಾವು ಎಣಿಸುವಂತೆಯೇ ಎಣಿಸಬೇಕೆಂದರೆ ವಿನ್ಯಾಸವನ್ನು ಕೈಯಾರೆ ಬರೆಯಬೇಕಾಗುತ್ತದೆ. ಗ್ರೆಪ್‌ಗೆ -ಒ ಮತ್ತು ದೊಡ್ಡಕ್ಷರದ -ಇ ಕೊಟ್ಟು ([ಕ-ಹ]್)*[ಕ-ಹ][ಾ-ೌ]? ಎಂದು ಹಾಕಿದರೆ ಕೊಟ್ಟೂರು ಮೂರು ಸಾಲಾಗಿ ಬೇರೆಯಾಗುತ್ತದೆ. ಸ್ವರಗಳಿಗೆ, ಅನುಸ್ವಾರ ವಿಸರ್ಗಗಳಿಗೆ, ಕೊನೆಯಲ್ಲಿ ನಿಲ್ಲುವ ಅರ್ಧಾಕ್ಷರಕ್ಕೆ ಇದನ್ನು ಇನ್ನಷ್ಟು ಹಿಗ್ಗಿಸಬೇಕು. ಕ-ಹ ಎಂಬ ವ್ಯಾಪ್ತಿಯನ್ನು ಯೂನಿಕೋಡಿನ ಸಂಕೇತಕ್ರಮದಲ್ಲಿ ಓದಿದರೆ ಳ ಅದರ ಒಳಗೇ ಇದೆ, ನಿಘಂಟಿನ ಕ್ರಮದಲ್ಲಿ ಓದಿದರೆ ಹೊರಗೆ. ಆದ್ದರಿಂದ ಇಂಥ ಕಮಾಂಡುಗಳ ಮುಂದೆ ಲೊಕೇಲನ್ನು ಸಿ.ಯುಟಿಎಫ್-8 ಎಂದು ಕಟ್ಟಿಹಾಕುವುದು ಕ್ಷೇಮ. ಶಾಸನ ಓದುವವರಿಗೆ ಇನ್ನೊಂದು ಮಾತು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಹಳಗನ್ನಡ ಶಾಸನಗಳಲ್ಲಿ ಱ, ೞ ಎರಡೂ ಬರುತ್ತವೆ. ಱ ಈ ವ್ಯಾಪ್ತಿಯೊಳಗಿದೆ. ೞ ಬಹಳ ದೂರ, ಹಲಂತಕ್ಕೂ ಆಚೆ ಇದೆ. ಅದನ್ನು ಪ್ರತ್ಯೇಕವಾಗಿ ಸೇರಿಸದಿದ್ದರೆ ಪೞಗಾಲದ ಪದಗಳೇ ಎಣಿಕೆಯಿಂದ ಬಿದ್ದುಹೋಗುತ್ತವೆ.

ಇನ್ನು ವಿಂಗಡಣೆ. ಈ ಲೇಖನ ಶುರುವಾದ ಐದು ಹೆಸರುಗಳನ್ನು ಸಾರ್ಟ್‌ಗೆ ಕೊಟ್ಟರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಕನ್ನಡದ ಅಕಾರಾದಿಯಲ್ಲೇ ಹೊರಬರುತ್ತವೆ. ಸಂಕೇತಕ್ರಮ ನಮ್ಮ ವರ್ಣಮಾಲೆಯನ್ನು ಬಹುಮಟ್ಟಿಗೆ ಅನುಸರಿಸಿರುವುದರಿಂದ ಸಿ ಲೊಕೇಲ್‌ನ ವಿಂಗಡಣೆಯೂ ನೋಡಲು ಸರಿಯೆನಿಸುತ್ತದೆ. ಮೋಸ ಆಗುವುದು ಳಕಾರದಲ್ಲಿ. ಯೂನಿಕೋಡ್ ಅದನ್ನು ಲ ಪಕ್ಕದಲ್ಲಿ, ವ ಮುಂಚೆ ಕೂರಿಸಿದೆ. ಹಡಗಲಿ ತಾಲ್ಲೂಕಿನ ಹೊಳಲು, ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಎರಡನ್ನೂ ಸಂಕೇತಕ್ರಮದಲ್ಲಿ ವಿಂಗಡಿಸಿದರೆ ಹೊಳಲು ಮೊದಲು ಬರುತ್ತದೆ. ನಿಘಂಟು ನೋಡುವವರು ಹೊಸಹಳ್ಳಿಯ ನಂತರ ಅದನ್ನು ಹುಡುಕುತ್ತಾರೆ. ಅಚ್ಚಿಗೆ ಹೋಗುವ ಪಟ್ಟಿಯಾದರೆ ಕನ್ನಡ ಲೊಕೇಲಿನಲ್ಲಿ ವಿಂಗಡಿಸಿ ಈ ಎರಡು ಹೆಸರು ಹೇಗೆ ಬಂದವು ಎಂದು ಕಣ್ಣಾರೆ ನೋಡಬೇಕು. ಹಡಗಲಿಯ ಜಾಗದಲ್ಲಿ ಹೂವಿನಹಡಗಲಿ ಎಂದಿದ್ದರೆ ಹರಪನಹಳ್ಳಿಯನ್ನೂ ದಾಟಿ ಕೊನೆಗೆ ಹೋಗುತ್ತದೆ ಎಂಬುದೂ ನೆನಪಿರಲಿ.

ಎರಡು ಪಟ್ಟಿಗಳನ್ನು ಕೂಡಿಸುವಾಗ ಇದಕ್ಕೆ ತದ್ವಿರುದ್ಧ. ಜಾಯಿನ್, ಕಾಮ್ ಇವೆರಡೂ ಬಯಸುವುದು ಎರಡು ಫೈಲುಗಳಿಗೂ ಒಂದೇ ಕ್ರಮ ಇರಲಿ ಎಂದಷ್ಟೇ. ಆ ಕ್ರಮ ನಿಘಂಟಿನದಾಗಬೇಕಿಲ್ಲ. ಅಲ್ಲಿ ಎಲ್‌ಸಿ_ಆಲ್ ಅನ್ನು ದೊಡ್ಡಕ್ಷರದ ಸಿ ಎಂದಿಟ್ಟು ಎಲ್ಲ ಹಂತಗಳನ್ನೂ ನಡೆಸಿದರೆ ವೇಗವೂ ಹೆಚ್ಚು, ಫೈಲು ವಿಂಗಡಣೆಯಾಗಿಲ್ಲ ಎಂಬ ದೂರೂ ಇಲ್ಲ. ಆದರೆ ಹೆಸರಿನ ಮೇಲೆ ಕೂಡಿಸುವುದೇ ಮೂಲದಲ್ಲಿ ತಪ್ಪು ದಾರಿ. ಹೊಸಹಳ್ಳಿಗಳು, ಬಸಾಪುರಗಳು ನಾಡಿನ ತುಂಬ ಇವೆ. 2011ರ ಜನಗಣತಿ ಪ್ರತಿ ಕಂದಾಯ ಗ್ರಾಮಕ್ಕೂ ಆರಂಕಿಯ ಸಂಕೇತ ಕೊಟ್ಟಿದೆ. ಊರು ಆಮೇಲೆ ಯಾವ ತಾಲ್ಲೂಕಿಗೆ ಸೇರಿದರೂ ಆ ಅಂಕಿ ಅದೇ. ಆ ಅಂಕಿಯ ಮೇಲೆ ಕೂಡಿಸಿದರೆ ಕೂಡ್ಲಿಗಿಯಿಂದ ಕೊಟ್ಟೂರಿಗೆ, ದಾವಣಗೆರೆಯಿಂದ ವಿಜಯನಗರಕ್ಕೆ ಹೋದ ಹಳ್ಳಿಗಳು ತಾವಾಗಿ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಆಕ್‌ನಲ್ಲಿ ಎನ್‌ಆರ್ ಮತ್ತು ಎಫ್‌ಎನ್‌ಆರ್ ಸಮ ಇರುವಷ್ಟು ಹೊತ್ತು ಮೊದಲ ಫೈಲನ್ನು ಸಂಕೇತದ ಹೆಸರಿನಲ್ಲಿ ಕೂಡಿಟ್ಟುಕೊಂಡು, ಎರಡನೆಯದನ್ನು ಓದುವಾಗ ಹೊಂದಿಸುವ ಒಂದು ಸಾಲಿನ ಯುಕ್ತಿ ಇದಕ್ಕೆ ಸಾಕು; ವಿಂಗಡಣೆಯೂ ಬೇಡ. ಹೊಂದದೆ ಉಳಿದದ್ದನ್ನು ಬೇರೆ ಫೈಲಿಗೆ ಬರೆಸುವುದನ್ನು ಮರೆಯಬಾರದು. ನಿಜವಾದ ಕೆಲಸ ಇರುವುದೇ ಆ ಉಳಿಕೆಯಲ್ಲಿ.

ಕಚೇರಿಗಳಿಂದ ಬರುವ ಸಿಎಸ್‌ವಿ ಫೈಲುಗಳಿಗೆ ತಮ್ಮದೇ ಚಾಳಿಗಳಿವೆ. ಮೊದಲ ಮೂರು ಬೈಟು ಬಿಒಎಂ ಆಗಿರುತ್ತದೆ, ಅದರಿಂದ ಮೊದಲ ಕಾಲಂನ ಹೆಸರು ಹೊಂದುವುದಿಲ್ಲ. ಸಾಲಿನ ಕೊನೆಗೆ ವಿಂಡೋಸ್ ಬಿಟ್ಟ ಹೆಚ್ಚುವರಿ ಬೈಟು ಇರುತ್ತದೆ, ಅದರಿಂದ ಕೊನೆಯ ಕಾಲಂ ಹೊಂದುವುದಿಲ್ಲ. ಡಾಸ್2ಯುನಿಕ್ಸ್ ಎರಡನ್ನೂ ತೆಗೆಯುತ್ತದೆ. ಎಕ್ಸೆಲ್‌ನಿಂದ ಯೂನಿಕೋಡ್ ಟೆಕ್ಸ್ಟ್ ಎಂದು ಉಳಿಸಿದ್ದು ಯುಟಿಎಫ್-16 ಆಗಿರುತ್ತದೆ, ಐಕಾನ್ವ್‌ನಿಂದ ಬದಲಿಸದೆ ಅದರಲ್ಲಿ ಏನು ಹುಡುಕಿದರೂ ಸಿಗದು. ಕೆಟ್ಟ ಬೈಟುಗಳಿರುವ ಸಾಲು ಯಾವುದೆಂದು ತಿಳಿಯಲು ಗ್ರೆಪ್‌ಗೆ -ಎಎಕ್ಸ್‌ವಿ ಎಂದು ಕೊಟ್ಟು ಚುಕ್ಕೆ-ನಕ್ಷತ್ರವನ್ನು ವಿನ್ಯಾಸವಾಗಿ ಕೊಡಿ: ಯುಟಿಎಫ್-8 ಆಗಿ ಓದಲಾಗದ ಸಾಲುಗಳು ಮಾತ್ರ ಹೊರಬರುತ್ತವೆ. ಐಕಾನ್ವ್‌ನ -ಸಿ ಆಯ್ಕೆ ಆ ಬೈಟುಗಳನ್ನು ಮೌನವಾಗಿ ಎಸೆದುಬಿಡುತ್ತದೆ. ಊರಿನ ಹೆಸರಿನಿಂದ ಒಂದು ಒತ್ತು ಮಾಯವಾದರೆ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಅದನ್ನು ಬಳಸದಿರುವುದೇ ಲೇಸು. ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮ ಇರುವ ಸಿಎಸ್‌ವಿಯನ್ನು ಹಿಂದೆಲ್ಲ ಆಕ್ ಓದಲಾರದೆ ಸೋಲುತ್ತಿತ್ತು. 2023ರ ಗ್ನು ಆಕ್ 5.3ರಿಂದ ಸಿಎಸ್‌ವಿ ಎಂಬ ಆಯ್ಕೆಯೇ ಬಂದಿದೆ.

ಪಟ್ಟಿ ಪಿಡಿಎಫ್ ಆಗಿ ಬಂದರೆ ಮೊದಲು ಪಿಡಿಎಫ್‌ಫಾಂಟ್ಸ್ ಓಡಿಸಿ. ಫಾಂಟಿನ ಹೆಸರಿನಲ್ಲಿ ನುಡಿ ಅಥವಾ ಬರಹ ಎಂದು ಕಂಡರೆ ಪಿಡಿಎಫ್‌ಟುಟೆಕ್ಸ್ಟ್ ಕೊಡುವುದು ಇಂಗ್ಲಿಷ್ ಅಕ್ಷರಗಳ ಮೇಲೆ ಸೊಟ್ಟ ಗೆರೆಗಳ ರಾಶಿ. ಅದು ಕಸವಲ್ಲ, ಹಳೆಯ ಸಂಕೇತದ ಕನ್ನಡ. ಶೇಷಾದ್ರಿವಾಸು ಅವರ ಬರಹ ಬಂದದ್ದು 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳನ್ನೂ ಡಿಟಿಪಿ ಅಂಗಡಿಗಳನ್ನೂ ತುಂಬಿತು. ಅವು ಇಲ್ಲದಿದ್ದರೆ ಆ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡವೇ ನಡೆಯುತ್ತಿರಲಿಲ್ಲ. ಆ ಬರವಣಿಗೆಯನ್ನು ಯೂನಿಕೋಡ್‌ಗೆ ತರಲು ಅರವಿಂದ ವಿ.ಕೆ. ಮುಕ್ತವಾಗಿ ಬಿಟ್ಟ ಪರಿವರ್ತಕವಿದೆ. ಗುಬ್ಬಿ ಎಂಬ ಯೂನಿಕೋಡ್ ಫಾಂಟನ್ನು ಕೊಟ್ಟವರೂ ಅವರೇ. ಪೈಥಾನ್‌ನಲ್ಲಿರುವುದರಿಂದ ಆ ಪರಿವರ್ತಕವನ್ನು ಪೈಪಿನ ನಡುವೆ ಇಟ್ಟು ನೂರಾರು ಫೈಲುಗಳನ್ನು ಒಮ್ಮೆಗೇ ಹಾಯಿಸಬಹುದು. ಯೂನಿಕೋಡ್ ಫಾಂಟಿನ ಪಿಡಿಎಫ್ ಆದರೂ ನೆಮ್ಮದಿಯಿಲ್ಲ. ಪಿಡಿಎಫ್ ಇಟ್ಟುಕೊಳ್ಳುವುದು ಅಚ್ಚಿನ ಆಕಾರಗಳನ್ನು, ಒತ್ತುಗಳು ಹಿಂದುಮುಂದಾಗಿ ಹೊರಬರುವುದು ಮಾಮೂಲು. ಅಂಥ ಕಡೆ ಪುಟವನ್ನು ಚಿತ್ರ ಮಾಡಿ ಓದಿಸುವುದೇ ಮೇಲು.

ಓದಿಸಲು ಇರುವುದು ಟೆಸರ್ಯಾಕ್ಟ್. ಎಚ್‌ಪಿ ಕಂಪನಿಯಲ್ಲಿ 1985ರಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಈ ತಂತ್ರಾಂಶ ನಾಲ್ಕನೇ ಆವೃತ್ತಿಯಿಂದ ಕನ್ನಡವನ್ನು ಸುಮಾರು ಚೆನ್ನಾಗಿ ಓದುತ್ತದೆ. ಪಿಡಿಎಫ್‌ಟುಪಿಪಿಎಂನಿಂದ 300 ಡಿಪಿಐ ಬೂದುಬಣ್ಣದ ಚಿತ್ರ ತೆಗೆದು, ಭಾಷೆಗೆ -ಎಲ್ ಕ್ಯಾನ್ ಎಂದು ಕೊಡಬೇಕು. ನಾಲ್ಕು ಕೋರ್ ಇವೆಯೆಂದು ಎಕ್ಸ್‌ಆರ್ಗ್ಸ್‌ಗೆ ದೊಡ್ಡಕ್ಷರದ -ಪಿ 4 ಕೊಟ್ಟು ನಾಲ್ಕು ಪುಟ ಒಟ್ಟಿಗೆ ಓಡಿಸಿದರೆ ವೇಗ ಏರುವ ಬದಲು ಇಳಿಯುವುದುಂಟು. ಪ್ರತಿ ಟೆಸರ್ಯಾಕ್ಟ್ ತಾನೂ ನಾಲ್ಕು ಎಳೆಗಳನ್ನು ತೆರೆಯುತ್ತದೆ, ಅವು ಒಂದನ್ನೊಂದು ತಡೆಯುತ್ತವೆ. ಒಎಂಪಿ_ಥ್ರೆಡ್_ಲಿಮಿಟ್ ಎಂಬ ಪರಿಸರ ಚರವನ್ನು 1 ಎಂದಿಟ್ಟರೆ ಅದು ಪರಿಹಾರ. ಬಳ್ಳಾರಿ ಜಿಲ್ಲೆಯ ಶಾಸನಗಳಿರುವ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಒಂಬತ್ತನೆಯ ಸಂಪುಟದಂಥ ದಪ್ಪ ಪುಸ್ತಕವನ್ನು ಓದಿಸಲು ಹೊರಟರೆ ಇದು ಗಂಟೆಗಟ್ಟಲೆ ಉಳಿಸುತ್ತದೆ.

ಇಂಥ ಉದ್ದದ ಕೆಲಸಕ್ಕೆ ಶೆಲ್ಲಿನ ಲೂಪಿಗಿಂತ ಮೇಕ್ ಒಳ್ಳೆಯದು. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಇದನ್ನು ಎಲ್ಲರೂ ಪ್ರೋಗ್ರಾಂ ಕಟ್ಟುವುದಕ್ಕೆ ಮಾತ್ರ ಎಂದುಕೊಂಡಿದ್ದಾರೆ. ಚಿತ್ರದಿಂದ ಪಠ್ಯ, ಪಠ್ಯದಿಂದ ಎನ್‌ಎಫ್‌ಸಿ ಎಂದು ಎರಡೇ ನಿಯಮ ಬರೆದಿಟ್ಟರೆ ಸಾಕು. ಕರೆಂಟು ಹೋಗಿ ಬಂದ ಮೇಲೆ ಮತ್ತೆ ಮೇಕ್ ಎಂದರೆ ಆಗಿಹೋದ ಪುಟಗಳನ್ನು ಬಿಟ್ಟು ಉಳಿದದ್ದಷ್ಟನ್ನೇ ಮಾಡುತ್ತದೆ. ಒಂದು ಎಚ್ಚರ: ಅರ್ಧ ಬರೆದ ಫೈಲು ಪೂರ್ತಿಯಾದಂತೆ ಕಾಣದಿರಲು ಫಲವನ್ನು ತಾತ್ಕಾಲಿಕ ಹೆಸರಿಗೆ ಬರೆಸಿ ಕೊನೆಯಲ್ಲಿ ಎಂವಿ ಮಾಡಬೇಕು. ಅನುಭವಿಗಳಿಗೂ ಮೇಕ್ ಹಿಡಿಸದಿರುವುದು ನನಗೆ ಈಗಲೂ ಅರ್ಥವಾಗದ ವಿಷಯ.

ಭಾಷೆಯ ಹಂಗಿಲ್ಲದ ಯುಕ್ತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊಬೈಲ್ ಡೇಟಾದ ಮೇಲೆ ದೂರದ ಸರ್ವರಿನಲ್ಲಿ ಕೆಲಸ ಮಾಡುವವರು ಟಿಮಕ್ಸ್ ಇಲ್ಲದೆ ಎಸ್‌ಎಸ್‌ಎಚ್ ತೆರೆಯಬಾರದು. ಸಂಪರ್ಕ ಕಡಿದರೂ ಕೆಲಸ ಅಲ್ಲಿ ನಡೆಯುತ್ತಿರುತ್ತದೆ. ಫೈಲು ಸಾಗಿಸಲು ಆರ್‌ಸಿಂಕ್‌ಗೆ ಪಾರ್ಷಿಯಲ್ ಆಯ್ಕೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಕಂಟ್ರೋಲ್-ಆರ್‌ನಿಂದ ಹಳೆಯ ಕಮಾಂಡು ಹುಡುಕುವುದು ಎಲ್ಲರಿಗೂ ಗೊತ್ತು. ಕಂಟ್ರೋಲ್-ಎಕ್ಸ್ ಕಂಟ್ರೋಲ್-ಇ ಒತ್ತಿದರೆ ಬರೆಯುತ್ತಿರುವ ಉದ್ದ ಸಾಲು ಎಡಿಟರಿನಲ್ಲಿ ತೆರೆಯುತ್ತದೆ ಎಂಬುದು ಕಡಿಮೆ ಜನಕ್ಕೆ ಗೊತ್ತು. ಕನ್ನಡ ಪದಗಳಿರುವ ಸಾಲಿಗೆ ಅದು ಬಹಳ ಅನುಕೂಲ. ಸ್ಕ್ರಿಪ್ಟಿನಲ್ಲಿ ಪೈಪ್‌ಫೇಲ್ ಹೊಂದಿಸದಿದ್ದರೆ ಪೈಪಿನ ನಡುವಿನ ಕಮಾಂಡು ಸೋತರೂ ಕೊನೆಯದು ಗೆದ್ದಿತೆಂದು ಶೆಲ್ ಮುಂದೆ ಹೋಗುತ್ತದೆ. ಜಾಗ ಬಿಟ್ಟ ಹೆಸರುಗಳು, ಹೂವಿನ ಹಡಗಲಿಯಂಥವು, ಮುರಿಯದಿರಲು ಫೈಂಡ್‌ನ -ಪ್ರಿಂಟ್0 ಜೊತೆ ಎಕ್ಸ್‌ಆರ್ಗ್ಸ್‌ನ -0 ಬಳಸಬೇಕು.

ಪರದೆಯ ಮೇಲೆ ಕನ್ನಡ ಕಾಣುವ ಬಗೆ ಇನ್ನೂ ತೃಪ್ತಿಕರವಾಗಿಲ್ಲ. ಬಹುಪಾಲು ಟರ್ಮಿನಲ್‌ಗಳು ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಚೌಕ ಕೊಡುವ ಹಳೆಯ ಲೆಕ್ಕದವು. ಒತ್ತಕ್ಷರ ಬಿಡಿಯಾಗಿ, ಸ್ವರಚಿಹ್ನೆ ಜಾಗ ತಪ್ಪಿ ಕಾಣುತ್ತದೆ. ಕೆಡಿಇಯ ಕಾನ್ಸೋಲ್ ಸ್ವಲ್ಪ ವಾಸಿ. ಟರ್ಮಿನಲ್ಲಿನಲ್ಲಿ ಕೆಟ್ಟು ಕಂಡಿತೆಂದು ಫೈಲೇ ಕೆಟ್ಟಿದೆ ಎಂದುಕೊಂಡು ತಿದ್ದಲು ಹೋಗುವುದು ದೊಡ್ಡ ಅನಾಹುತ. ಜಿಎಡಿಟ್‌ನಲ್ಲೋ ಹಾರ್ಫ್‌ಬಝ್ ಸೇರಿರುವ ಈಮ್ಯಾಕ್ಸ್ 27ರ ನಂತರದ ಆವೃತ್ತಿಯಲ್ಲೋ ತೆರೆದು ನೋಡಿ ನಿರ್ಧರಿಸಬೇಕು. ಕಾಲಂಗಳನ್ನು ನೇರ ಸಾಲಿಗೆ ತರುವ ಕಾಲಮ್ -ಟಿ, ಬ್ಯಾಶ್‌ನ ಪ್ರಿಂಟ್‌ಎಫ್ ಎರಡೂ ಕನ್ನಡದಲ್ಲಿ ಓರೆಯಾಗುತ್ತವೆ. ಟ್ಯಾಬ್ ಇಟ್ಟು ಕ್ಯಾಲ್ಕಿಗೆ ಕಳಿಸುವುದು ಜಾಣತನ. ಟೈಪಿಸುವ ವಿಷಯದಲ್ಲಿ ಕೊರತೆಯಿಲ್ಲ. ಐಬಸ್‌ನ ಎಂ17ಎನ್ ಪಟ್ಟಿಯಲ್ಲಿ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಇವೆ.

ಅಭ್ಯಾಸಕ್ಕೆ ಸಾಮಗ್ರಿ ಬೇಕೆಂದರೆ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಪೂರ್ತಿ ಪಠ್ಯ ಬಿಝಿಪ್ ಮಾಡಿದ ಒಂದೇ ಫೈಲಾಗಿ ಸಿಗುತ್ತದೆ. ಬಿಝಡ್‌ಕ್ಯಾಟ್‌ನಿಂದ ಬಿಚ್ಚದೆಯೇ ಹರಿಸಿ, ಐದು ತಾಲ್ಲೂಕುಗಳ ಹೆಸರನ್ನು ಮೂಲ ರೂಪದಲ್ಲೊಮ್ಮೆ, ಕಾಣದ ಚಿಹ್ನೆ ತೆಗೆದು ಒಮ್ಮೆ, ಸ್ವರಚಿಹ್ನೆ ಕತ್ತರಿಸಿ ಒಮ್ಮೆ ಎಣಿಸಿದರೆ ಪ್ರತಿ ಹಂತದಲ್ಲೂ ಎಷ್ಟು ಕಳೆದುಹೋಗುತ್ತಿತ್ತು ಎಂಬುದು ಅಂಕಿಯಲ್ಲೇ ಗೊತ್ತಾಗುತ್ತದೆ. ಯಾವುದಾದರೂ ಸಾಧನ ತಪ್ಪು ಎಣಿಸಿದ್ದು ಕಂಡರೆ ಅದನ್ನು ಬರೆದವರಿಗೆ ತಿಳಿಸಬೇಕು. ಕನ್ನಡ ಸರಿ ಕಾಣುತ್ತಿಲ್ಲ ಎಂಬ ಒಂದು ಸಾಲಿನ ದೂರಿನಿಂದ ಅವರಿಗೆ ಏನೂ ತಿಳಿಯದು, ಪರದೆಯ ಚಿತ್ರದಿಂದಲೂ ಅಷ್ಟೆ. ಪದದ ಬೈಟುಗಳನ್ನು ಹೆಕ್ಸ್‌ನಲ್ಲಿ ಬರೆದು, ಲೊಕೇಲ್ ಕಮಾಂಡಿನ ಉತ್ತರ, ಸಾಧನದ ಆವೃತ್ತಿ, ಬಂದ ಉತ್ತರ, ಬರಬೇಕಿದ್ದ ಉತ್ತರ ಇಷ್ಟನ್ನೂ ಕೊಟ್ಟರೆ ಕನ್ನಡದ ಒಂದಕ್ಷರ ಓದಲು ಬಾರದ ಪ್ರೋಗ್ರಾಮರ್ ಕೂಡ ತಮ್ಮ ಯಂತ್ರದಲ್ಲಿ ಅದೇ ತಪ್ಪನ್ನು ಮತ್ತೆ ಕಂಡು ತಿದ್ದಬಲ್ಲರು.